ಬಾಸ್ಕಿಯಾನ ಕಿರೀಟ, ನಮ್ಮ ತಮಟೆ

ನಂಜನಗೂಡು, ತಿ. ನರಸೀಪುರದ ಕಡೆಯ ನಮಗೆ ನ್ಯೂಯಾರ್ಕಿನ ಚಿತ್ರಕಾರನೊಬ್ಬನ ಉಸಾಬರಿ ಯಾಕೆ? ಈ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲೇ ನಾವು ಕೇಳಿಕೊಂಡಿದ್ದೇವೆ. ಕೂಲಿ ಸರಿಯಾಗಿ ಸಿಗದ, ಹೆಣ ಹೂಳಲು ಜಾಗ ಸಿಗದ, ಹೋಟೆಲಿನ ಲೋಟದ ಜಗಳ ಪೂರಾ ಮುಗಿಯದ ಊರುಗಳಲ್ಲಿ ಕುಳಿತು ಚಿತ್ರಕಲೆಯ ವಿಮರ್ಶೆ ಬರೆಯುವುದು ಹೊಟ್ಟೆ ತುಂಬಿದವರ ಚಾಳಿ ಎಂದು ನಮ್ಮ ಗೆಳೆಯರೇ ಅಂದಾರು. ಅನ್ನಲಿ. ಆದರೆ ಚಿತ್ರ, ಸಂಗೀತ, ಸಿನಿಮಾ ಇವೆಲ್ಲ ಹೊಟ್ಟೆ ತುಂಬಿದವರವು ಅಂತ ನಾವೇ ಬಿಟ್ಟುಕೊಟ್ಟರೆ ಅವರಿಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ? ತಮಟೆ ಬಡಿದವರು ನಾವು, ಸಿನಿಮಾದ ಟಿಕೆಟ್ಟು ಕೊಂಡವರು ನಾವು, ಗೋಡೆಗೆ ಸುಣ್ಣ ಬಳಿದವರು ನಾವು. ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ಇನ್ಯಾರದೋ. ಈ ಲೆಕ್ಕ ನಮಗೆ ಸರಿ ಕಾಣುವುದಿಲ್ಲ.

ಚಿತ್ರಕಾರನ ಹೆಸರು ಝಾನ್ ಮಿಶೆಲ್ ಬಾಸ್ಕಿಯಾ. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ. ತಂದೆ ಹೈಟಿ ದೇಶದಿಂದ ಬಂದವನು, ತಾಯಿಯ ಕಡೆಯವರು ಪೋರ್ಟೊರಿಕೊದವರು. ಕಪ್ಪು ಹುಡುಗ. ಚಿತ್ರಕಲೆಯ ಕಾಲೇಜಿಗೆ ಹೋದವನಲ್ಲ. 1988ರ ಆಗಸ್ಟಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಮಾದಕ ವಸ್ತುವಿಗೆ ಬಲಿಯಾಗಿ ಸತ್ತ. ಅಷ್ಟರೊಳಗೆ ಅಮೆರಿಕದ ಬಿಳಿಯರ ಕಲಾಲೋಕ ಅವನನ್ನು ಎತ್ತಿ ಮೆರೆಸಿತ್ತು, ತುಳಿದೂ ಇತ್ತು. ಹಳೆಯ ಸಿನಿಮಾಗಳಿಂದಲೂ ಜಾಝ್ ಸಂಗೀತದಿಂದಲೂ ಸ್ಫೂರ್ತಿ ಪಡೆದ ಚಿತ್ರಕಾರ ಎಂದು ಇವತ್ತಿಗೂ ಕಲಾ ವಿಮರ್ಶಕರು ಅವನನ್ನು ಪರಿಚಯಿಸುತ್ತಾರೆ. ನಮ್ಮ ತಕರಾರು ಶುರುವಾಗುವುದೇ ಈ 'ಸ್ಫೂರ್ತಿ' ಎಂಬ ಮಾತಿನಿಂದ.

ಎರಡೂ ತಾಲ್ಲೂಕಿನ ನಾವು ಹತ್ತು ಹನ್ನೆರಡು ಮಂದಿ, ಮೇಷ್ಟ್ರುಗಳು, ಕಾಲೇಜಿನ ಹುಡುಗರು ಹುಡುಗಿಯರು, ನರಸೀಪುರದ ಕಡೆಯ ಒಂದು ಶಾಲೆಯ ಕೊಠಡಿಯಲ್ಲಿ ಬಿಳಿ ಪಂಚೆ ಕಟ್ಟಿ ಇವನ ಚಿತ್ರಗಳನ್ನು ಅದರ ಮೇಲೆ ಬಿಟ್ಟು ನೋಡಿದೆವು. ಮೂಲ ಚಿತ್ರಗಳನ್ನು ನಾವು ಕಂಡಿಲ್ಲ. ಅವು ಇರುವ ಮ್ಯೂಸಿಯಮ್ಮುಗಳಿಗೂ ಕೋಟ್ಯಧೀಶರ ಮನೆಗಳಿಗೂ ನಮಗೂ ಬಹಳ ದೂರ. ನಮ್ಮ ಜೊತೆ ನಂಜನಗೂಡು ಕಡೆಯ ಒಬ್ಬ ಹಿರಿಯರೂ ಬಂದಿದ್ದರು. ಚಿಕ್ಕಂದಿನಿಂದ ಸಾವಿಗೂ ಜಾತ್ರೆಗೂ ತಮಟೆ ಬಡಿದು ಬಂದವರು. ಚಿತ್ರ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಇವ ಯೋನ ಬರ್ದವ್ನ ಅಂತ ನಂಗ ತಿಳೀನಿಲ್ಲ ಕಣಪ್ಪ. ಆದ್ರ ಇವ್ನ ಕೈ ಬಡಿಯೋ ಕೈ." ನಾವು ಓದಿದ ಯಾವ ವಿಮರ್ಶೆಗಿಂತಲೂ ಈ ಮಾತು ದೊಡ್ಡದು ಅಂತ ನಮಗೆ ಆವತ್ತೇ ಅನ್ನಿಸಿತು.

ಬಾಸ್ಕಿಯಾ ಶುರು ಮಾಡಿದ್ದು ಕ್ಯಾನ್ವಾಸಿನ ಮೇಲಲ್ಲ, ಗೋಡೆಯ ಮೇಲೆ. 1970ರ ದಶಕದ ಕೊನೆಯಲ್ಲಿ ಅವನೂ ಅವನ ಗೆಳೆಯ ಆಲ್ ಡಿಯಾಝನೂ ಸೇರಿ 'ಸೇಮೋ' ಎಂಬ ಹೆಸರಿನಲ್ಲಿ ಮ್ಯಾನ್‌ಹಟನ್ನಿನ ಗೋಡೆಗಳ ಮೇಲೆ ಕುಟುಕು ಮಾತುಗಳನ್ನು ಬರೆದು ರಾತ್ರೋರಾತ್ರಿ ಮಾಯವಾಗುತ್ತಿದ್ದರು. ಅದೇ ದಶಕದಲ್ಲಿ ನಮ್ಮಲ್ಲಿ ಏನಾಗುತ್ತಿತ್ತು ನೆನೆಸಿಕೊಳ್ಳಿ. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಆಡಿದ ಬೂಸಾ ಮಾತಿಗೆ ಊರೂರು ಹೊತ್ತಿಕೊಂಡಿತು. ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಮ್ಮ ಹಿರಿಯ ಗೆಳೆಯರು ಸುಣ್ಣದ ಡಬ್ಬ, ಕೆಮ್ಮಣ್ಣು, ತೆಂಗಿನ ನಾರಿನ ಕುಂಚ ಹಿಡಿದು ರಾತ್ರಿ ಹೊತ್ತು ಗೋಡೆ ಬರೆಯಲು ಹೋಗುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದನ್ನು ಯಾರಾದರೂ ಸಗಣಿ ಹಾಕಿ ಅಳಿಸುತ್ತಿದ್ದರು. ಮತ್ತೆ ಬರೆಯುತ್ತಿದ್ದರು. ನ್ಯೂಯಾರ್ಕಿನ ಹುಡುಗನಿಗೆ ನಮ್ಮವರ ಹೆಸರು ಗೊತ್ತಿರಲಿಲ್ಲ, ನಮ್ಮವರಿಗೆ ಅವನ ಹೆಸರು ಗೊತ್ತಿರಲಿಲ್ಲ. ಆದರೆ ಪುಸ್ತಕ, ಪತ್ರಿಕೆ, ಪೀಠ ಯಾವುದೂ ತನ್ನದಲ್ಲ ಅಂತ ಗೊತ್ತಾದವನು ಮೊದಲು ಕೈ ಹಾಕುವುದು ಗೋಡೆಗೇ.

ಈ ಸಂಬಂಧ ನಾವು ಈಗ ಎಳೆದು ತಂದದ್ದಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ಅಲ್ಲಿಯ ಬ್ಲ್ಯಾಕ್ ಪ್ಯಾಂಥರುಗಳ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಆದ್ದರಿಂದ ಇದು ಹಳೆಯ ನೆಂಟಸ್ತಿಕೆ.

ಈಗ ಜಾಝ್ ವಿಚಾರ. ನಮ್ಮ ಮೇಷ್ಟ್ರುಗಳಲ್ಲಿ ಕೆಲವರಿಗೆ ಜಾಝ್ ಅಂದರೆ ದೊಡ್ಡ ಹೋಟೆಲಿನಲ್ಲಿ ಸೂಟು ಹಾಕಿದವರು ಕೇಳುವ ಸಂಗೀತ ಎಂಬ ಭಾವನೆಯಿದೆ. ಅದು ಹುಟ್ಟಿದ ಜಾಗ ಬೇರೆ. ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಕಾಂಗೋ ಚೌಕ ಅಂತ ಒಂದು ಬಯಲಿದೆ. ಗುಲಾಮರು ಭಾನುವಾರ ಒಂದು ದಿನ ಅಲ್ಲಿ ಸೇರಿ ಡೋಲು ಬಡಿದು ಕುಣಿಯಬಹುದಿತ್ತು. 1817ರ ಒಂದು ಕಟ್ಟಳೆ ಅವರ ಕುಣಿತವನ್ನು ಆ ಒಂದೇ ಜಾಗಕ್ಕೆ ಕಟ್ಟಿಹಾಕಿತು. ಗುಲಾಮಗಿರಿ ಹೋದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಪಟಾಲಮ್ಮಿನ ಬ್ಯಾಂಡಿನ ಹಿತ್ತಾಳೆ ವಾದ್ಯಗಳನ್ನು ಕೈಗೆ ತೆಗೆದುಕೊಂಡು ತಮ್ಮ ಉಸಿರು ತುಂಬಿದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದೇ ಜಾಝ್ ಆಯಿತು. ಆ ಊರಿನಲ್ಲಿ ಸಾವಾದರೆ ಬ್ಯಾಂಡಿನವರು ಹೆಣದ ಹಿಂದೆ ನಿಧಾನವಾಗಿ, ದುಃಖದಿಂದ ನುಡಿಸುತ್ತ ಹೋಗುತ್ತಾರೆ. ಮಣ್ಣು ಮಾಡಿ ಬರುವಾಗ ಕುಣಿಯುವ ಹಾಗೆ ನುಡಿಸುತ್ತಾರೆ.

ಇದನ್ನು ಹೇಳಿದಾಗ ನಮ್ಮ ಹಿರಿಯರು ನಕ್ಕರು. "ಅಲ್ಲೂ ಹಂಗೇ ಅದಾ? ಹೋಗ್ತಾ ಒಂದು ಬಡಿತ, ಬತ್ತಾ ಒಂದು ಬಡಿತ." ಬಡಿತದ ಭೇದ ಅವರಿಗೆ ಕೈಯಲ್ಲಿದೆ. ಹೆಣ ಎತ್ತುವಾಗಿನದು ಬೇರೆ, ದಾರಿಯದು ಬೇರೆ, ಮಾರಿಹಬ್ಬದ್ದು ಬೇರೆ. ಜೊತೆಗಾರ ಎತ್ತಿಕೊಟ್ಟದ್ದನ್ನು ಹಿಡಿದು, ಅದನ್ನು ಮುರಿದು, ತಿರುಗಿ ಅಲ್ಲಿಗೇ ಬಂದು ಸೇರುವುದು ಬೇರೆ. ಜಾಝ್ ಪಂಡಿತರು ಇದಕ್ಕೆ ದೊಡ್ಡ ಹೆಸರು ಕೊಟ್ಟು ಪುಸ್ತಕ ಬರೆದಿದ್ದಾರೆ. ನಮ್ಮಲ್ಲಿ ಇದಕ್ಕೆ 'ಬಿಟ್ಟಿ' ಎಂಬ ಹೆಸರು ಕೊಟ್ಟರು.

ಬಾಸ್ಕಿಯಾ 1983ರಲ್ಲಿ ಬರೆದ 'ಹಾರ್ನ್ ಪ್ಲೇಯರ್ಸ್' ಎಂಬ ಮೂರು ಹಲಗೆಯ ಚಿತ್ರವನ್ನು ನೋಡಿ. ಒಂದು ಕಡೆ ಸ್ಯಾಕ್ಸೊಫೋನ್ ಹಿಡಿದ ಚಾರ್ಲಿ ಪಾರ್ಕರ್, ಇನ್ನೊಂದು ಕಡೆ ಟ್ರಂಪೆಟ್ ಹಿಡಿದ ಡಿಝಿ ಗಿಲೆಸ್ಪಿ. 1940ರ ದಶಕದಲ್ಲಿ ಜಾಝ್ ಸಂಗೀತವನ್ನು ಬುಡಮೇಲು ಮಾಡಿದ ಜೋಡಿ ಇದು. ಕಪ್ಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಮುಖಗಳು, ಮಧ್ಯೆ ಮಧ್ಯೆ ಪದಗಳು. ಕೆಲವು ಪದ ಎರಡು ಮೂರು ಸಲ ಬರುತ್ತವೆ, ಕೆಲವನ್ನು ಬರೆದು ಅಡ್ಡಗೆರೆ ಎಳೆದಿದ್ದಾನೆ. ಅಡ್ಡಗೆರೆ ಎಳೆದರೆ ಜನ ಅದನ್ನೇ ಹೆಚ್ಚು ನೋಡುತ್ತಾರೆ ಎಂಬುದು ಅವನ ತಿಳುವಳಿಕೆ. ಊರಿನ ದಾಖಲೆಯಲ್ಲಿ ಅಡ್ಡಗೆರೆ ಎಳೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪದಗಳಲ್ಲಿ ಒಂದು 'ಪ್ರೀ'. ಅದು ಪಾರ್ಕರನ ಮಗಳ ಹೆಸರು. 1954ರಲ್ಲಿ ಎಳೆಯ ವಯಸ್ಸಿಗೇ ಸತ್ತ ಮಗು. ಅದರ ಮರುವರ್ಷ, ಮೂವತ್ತನಾಲ್ಕನೆಯ ವಯಸ್ಸಿಗೆ ಪಾರ್ಕರನೂ ಸತ್ತ.

ಇಲ್ಲಿ ವಿಮರ್ಶಕರು ಏನನ್ನುತ್ತಾರೆ? ಜಾಝಿನ ಲಯ ಬಣ್ಣವಾಗಿ ಹರಿದಿದೆ, ರೇಖೆಗಳು ಕುಣಿಯುತ್ತವೆ, ಹೀಗೆ. ನಮ್ಮಲ್ಲಿ ನವ್ಯದ ಕಾಲದಲ್ಲೂ ಈ ಬಗೆಯ ಮಾತು ಬಹಳ ಇತ್ತು. ಸುಳ್ಳಲ್ಲ, ಕುಣಿಯುತ್ತವೆ. ಆದರೆ ಲಯ ಮಾತ್ರ ಬೇಕಾಗಿದ್ದರೆ ಸತ್ತ ಮಗುವಿನ ಹೆಸರನ್ನು ಯಾಕೆ ಬರೆಯಬೇಕಾಗಿತ್ತು? ಸಂಗೀತ ಕೇಳಿ ತಲೆದೂಗಿದವರು ಪಾರ್ಕರನ ಮನೆಯಲ್ಲಿ ಏನಾಯಿತು ಅಂತ ಕೇಳಲಿಲ್ಲ. ಬಾಸ್ಕಿಯಾ ಕೇಳಿದ, ಕೇಳಿ ಬರೆದ. ಆದ್ದರಿಂದ ನಾವು ಅನ್ನುವುದು ಇಷ್ಟೆ: ಜಾಝ್ ಇವನಿಗೆ ಸ್ಫೂರ್ತಿಯಲ್ಲ, ಸಾಕ್ಷಿ. ಇವನು ತನ್ನವರ ಲೆಕ್ಕ ಬರೆಯುವ ಶ್ಯಾನುಭೋಗ. ಊರಿನ ಶ್ಯಾನುಭೋಗನ ಕಡತದಲ್ಲಿ ಇಲ್ಲದ ಹೆಸರುಗಳನ್ನು ಬರೆಯುವ ಶ್ಯಾನುಭೋಗ. ಆ ಹೆಸರುಗಳ ತಲೆಯ ಮೇಲೆ ಮೂರು ಮೊನೆಯ ಕಿರೀಟವೊಂದನ್ನು ಗೀಚುತ್ತಾನೆ. ಅದು ಅವನ ಗುರುತೇ ಆಗಿಹೋಯಿತು.

ಸ್ಯಾಕ್ಸೊಫೋನ್ ಅಂದಾಗ ನಮಗೆ ನಮ್ಮ ಬ್ಯಾಂಡ್‌ಸೆಟ್ಟಿನವರು ನೆನಪಾಗುತ್ತಾರೆ. ನಂಜನಗೂಡಿನ ಛತ್ರಗಳಲ್ಲಿ ಮದುವೆಯಾದರೆ ಹೊಳೆಯುವ ಗುಂಡಿಯ ಕೋಟು ಹಾಕಿಕೊಂಡು ಬಿಸಿಲಲ್ಲಿ ಬಾಗಿಲ ಹೊರಗೆ ನಿಂತು ಊದುವವರು. ಸಿನಿಮಾ ಹಾಡನ್ನು ಕಿವಿಯಲ್ಲೇ ಕಲಿತವರು. ಆ ಹಾಡುಗಳೊಳಗೂ ಜಾಝ್ ಉಂಟು. ಮುಂಬಯಿಯ ಸಿನಿಮಾ ವಾದ್ಯಮೇಳಗಳಲ್ಲಿ ಗೋವಾದ ಕ್ರೈಸ್ತ ವಾದಕರು ಅದನ್ನು ತಂದು ಸೇರಿಸಿದರು. 'ಚಿಕ್ ಚಾಕಲೇಟ್' ಎಂದೇ ಹೆಸರಾದ ಟ್ರಂಪೆಟ್ ವಾದಕ 1951ರ 'ಅಲ್‌ಬೇಲಾ' ಚಿತ್ರದ ಸಂಗೀತದಲ್ಲಿ ಇದ್ದವನು. ನಮ್ಮವರೇ ಆದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದರು. ಅದು ದೊಡ್ಡ ಸಾಧನೆ, ನಮಗೆ ಹೆಮ್ಮೆ. ಆದರೂ ಒಂದು ಮಾತು. ರಾಗ ನುಡಿಸಿದ ಮೇಲೆ ಸ್ಯಾಕ್ಸೊಫೋನಿಗೆ ಸಭೆಯ ಒಳಗೆ ಚಾಪೆ ಸಿಕ್ಕಿತು. ಬ್ಯಾಂಡ್‌ಸೆಟ್ಟಿನವನಿಗೆ ಎಲೆ ಬಿದ್ದದ್ದು ಕೊನೆಯ ಪಂಕ್ತಿಯಲ್ಲೇ. ವಾದ್ಯ ಒಳಗೆ ಹೋಯಿತು, ಊದುವವನು ಹೊರಗೇ ಉಳಿದ.

ಇನ್ನು ಸಿನಿಮಾ. 1927ರಲ್ಲಿ ಅಮೆರಿಕದಲ್ಲಿ ಒಂದು ಚಿತ್ರ ಬಂತು, 'ದಿ ಜಾಝ್ ಸಿಂಗರ್'. ಪರದೆಯ ಮೇಲಿನವರ ಮಾತೇ ಕೇಳುವ ಹಾಗೆ ಮಾಡಿದ ಮೊದಲ ಪೂರ್ಣಾವಧಿ ಕಥಾಚಿತ್ರ ಎಂದು ಅದಕ್ಕೆ ಚರಿತ್ರೆಯಲ್ಲಿ ಸ್ಥಾನ. ಜಾಝ್ ಹೆಸರಿನ ಆ ಚಿತ್ರದಲ್ಲಿ ಹಾಡುವವನು ಬಿಳಿಯ, ಮುಖಕ್ಕೆ ಮಸಿ ಬಳಿದುಕೊಂಡು ಹಾಡುತ್ತಾನೆ. ಕಪ್ಪು ಜನರ ಸಂಗೀತ ಬೇಕು, ಕಪ್ಪು ಬಣ್ಣವೂ ಬೇಕು, ಕಪ್ಪು ಮನುಷ್ಯ ಮಾತ್ರ ಬೇಡ. ಸಿನಿಮಾ ಮಾತು ಕಲಿತದ್ದೇ ಈ ಮೋಸದಿಂದ.

1939ರಲ್ಲಿ 'ಗಾನ್ ವಿತ್ ದಿ ವಿಂಡ್' ಬಂತು. ಗುಲಾಮರನ್ನು ಇಟ್ಟುಕೊಂಡ ಜಮೀನ್ದಾರರ ಕಾಲವನ್ನು ನೆನೆದು ಕಣ್ಣೀರಿಡುವ ಚಿತ್ರ. ಅದರಲ್ಲಿ ಮನೆಯ ದಾಸಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್‌ಗೆ 1940ರಲ್ಲಿ ಆಸ್ಕರ್ ಬಂತು. ಕಪ್ಪು ಕಲಾವಿದರಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗಳು ಆಕೆ. ಆಕೆಯ ತಂದೆ ತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಸಮಾರಂಭ ನಡೆದ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿ ಪಡೆದು ಆಕೆಯನ್ನು ಒಳಗೆ ಬಿಟ್ಟರು, ಜೊತೆಯ ನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದರು. ಗೆಳೆಯರೆ, ಇದನ್ನು ಓದುವಾಗ ನಮ್ಮ ಹೋಟೆಲುಗಳ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ಬೇರೆ ಲೋಟ ಕಣ್ಣಿಗೆ ಬರಲಿಲ್ಲವೆ? 1952ರಲ್ಲಿ ಆಕೆ ಸತ್ತಾಗ ಹಾಲಿವುಡ್ಡಿನ ಸ್ಮಶಾನದಲ್ಲಿ ಮಣ್ಣಾಗಬೇಕೆಂಬ ಆಕೆಯ ಆಸೆಗೂ ಬಣ್ಣವೇ ಅಡ್ಡ ಬಂತು, ಜಾಗ ಕೊಡಲಿಲ್ಲ. ಸ್ಮಶಾನದ ಜಗಳ ಅಲ್ಲೂ ಇತ್ತು.

ಈ ಹಿನ್ನೆಲೆ ಇಟ್ಟುಕೊಂಡು 1983ರ 'ಹಾಲಿವುಡ್ ಆಫ್ರಿಕನ್ಸ್' ಎಂಬ ಚಿತ್ರಕ್ಕೆ ಬರೋಣ. ಏಳಡಿ ಎತ್ತರ, ಏಳಡಿ ಅಗಲದ ಹಳದಿ ಬಟ್ಟೆ. ಅರಿಸಿನದ ಹಾಗೆ ಕಣ್ಣಿಗೆ ಹೊಡೆಯುವ ಹಳದಿ. ಅದರ ಮೇಲೆ ಬಾಸ್ಕಿಯಾನದೂ ಅವನ ಇಬ್ಬರು ಗೆಳೆಯರದೂ ಮುಖಗಳು. ಮೂವರೂ ಕಪ್ಪು ಹುಡುಗರು, ಹಾಲಿವುಡ್ ನೋಡಲು ಹೋದವರು. ಸುತ್ತಲೂ ಪದಗಳು: ಹೊಗೆಸೊಪ್ಪು, ಗೂಂಡಾಗಿರಿ, ಬ್ವಾನಾ ಅಂದರೇನು ಎಂಬ ಪ್ರಶ್ನೆ, ತಾರೆಯರ ಹೆಜ್ಜೆಗುರುತು, ಕಬ್ಬು. ಬ್ವಾನಾ ಅಂದರೆ ಆಫ್ರಿಕದ ಭಾಷೆಯಲ್ಲಿ ದೊರೆ, ಧಣಿ. ಹಾಲಿವುಡ್ಡಿನ ಕಾಡಿನ ಸಿನಿಮಾಗಳಲ್ಲಿ ಕಪ್ಪು ಜನ ಬಿಳಿಯನನ್ನು ಕರೆಯುವ ಮಾತು. ನಮ್ಮ ಸಿನಿಮಾಗಳಲ್ಲಿ 'ಬುದ್ಧಿ, ಧಣೇರಾ' ಅಂತ ಕೈಕಟ್ಟಿ ನಿಲ್ಲುವವನ ಹಾಗೆ. ಒಂದು ಕಡೆ 1940 ಎಂಬ ಅಂಕಿ ಇದೆ. ಅದು ಮೆಕ್‌ಡೇನಿಯಲ್‌ಗೆ ಪ್ರಶಸ್ತಿ ಬಂದ ವರ್ಷ ಎಂದು ತಿಳಿದವರು ಓದುತ್ತಾರೆ. ನಾವೂ ಹಾಗೇ ಓದುತ್ತೇವೆ.

ಸಿನಿಮಾದ ಚಿತ್ರದಲ್ಲಿ ಕಬ್ಬು ಯಾಕೆ ಬಂತು ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೈಟಿಯಲ್ಲಿದೆ. ಬಾಸ್ಕಿಯಾನ ಅಪ್ಪನ ನಾಡು ಫ್ರೆಂಚರ ಕಬ್ಬಿನ ತೋಟವಾಗಿತ್ತು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಬ್ಬು ಕಡಿದು, ಅರೆದು, ಸತ್ತರು. 1791ರಲ್ಲಿ ಅವರು ದಂಗೆ ಎದ್ದರು, 1804ರಲ್ಲಿ ಗೆದ್ದು ತಮ್ಮ ದೇಶ ಕಟ್ಟಿದರು. ಯುರೋಪಿನವರ ಚಹಕ್ಕೆ ಸಕ್ಕರೆ ಬೇಕಿತ್ತು, ಸಕ್ಕರೆಗೆ ಗುಲಾಮರು ಬೇಕಿತ್ತು. ಆಮೇಲೆ ಆ ಗುಲಾಮರ ಮೊಮ್ಮಕ್ಕಳನ್ನು ನಗಿಸುವ ಬೊಂಬೆಗಳಾಗಿ ತೋರಿಸಲು ಸಿನಿಮಾ ಬೇಕಾಯಿತು. ಈ ಇಡೀ ಸರಪಳಿಯನ್ನು ಬಾಸ್ಕಿಯಾ ಒಂದು ಪದ ಬರೆದು ತೋರಿಸಿಬಿಟ್ಟ. ಕಪಿಲೆ ಕಾವೇರಿಯ ನಾಲೆ ಬಯಲಿನ ನಮಗೆ ಇದು ದೂರದ ವಿಚಾರವಲ್ಲ. ಗದ್ದೆ ಯಾರದು, ಕಬ್ಬು ಕಡಿಯುವ ಕೈ ಯಾರದು, ಸೋಗೆ ತರಚಿದ ಗಾಯ ಯಾರದು ಅಂತ ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಸಿನಿಮಾದಲ್ಲಿ ಕಬ್ಬಿನ ಗದ್ದೆ ಅಂದರೆ ನಾಯಕ ನಾಯಕಿ ಹಾಡು ಹೇಳಿಕೊಂಡು ಓಡುವ ಜಾಗ.

ಕನ್ನಡದಲ್ಲಿ ಒಳ್ಳೆಯ ಸಿನಿಮಾ ಬರಲಿಲ್ಲವೆ? ಬಂತು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ಚಿತ್ರ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಸ್ಪೃಶ್ಯ ಜೀತಗಾರನೊಬ್ಬನ ಭೂಮಿಯ ಆಸೆಯನ್ನು ಅಷ್ಟು ಗಂಭೀರವಾಗಿ ನೋಡಿದ ಚಿತ್ರಕ್ಕೆ ನಾವು ಋಣಿಗಳು. ಆದರೂ ಬಾಸ್ಕಿಯಾನನ್ನು ನೋಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಚೋಮ ದುಡಿ ಬಡಿಯುತ್ತಾನೆ, ನೋವಾದಾಗೆಲ್ಲ ಬಡಿಯುತ್ತಾನೆ, ಬಡಿಯುತ್ತಲೇ ಸಾಯುತ್ತಾನೆ. ದುಡಿ ಅವನ ಅಳು, ಅಷ್ಟೆ. ಆ ದುಡಿಯ ಕೈಚಳಕವೇನು, ಅದನ್ನು ಯಾರಿಂದ ಕಲಿತ, ಯಾವ ಬಡಿತವನ್ನು ಅವನೇ ಹುಟ್ಟಿಸಿದ, ಯಾರೂ ಕೇಳಲಿಲ್ಲ. ನಮ್ಮ ದುಃಖವನ್ನು ಹೊರಗಿನವರು ಚೆನ್ನಾಗಿ ಕಂಡರು, ನಮ್ಮ ಜಾಣತನವನ್ನು ಕಾಣಲಿಲ್ಲ. ಪಾರ್ಕರನ ದುಃಖದ ಪಕ್ಕದಲ್ಲೇ ಅವನ ಜಾಣತನಕ್ಕೆ ಕಿರೀಟ ಇಟ್ಟದ್ದು ಬಾಸ್ಕಿಯಾನ ಹೆಚ್ಚುಗಾರಿಕೆ. ನಮ್ಮಲ್ಲಿ ಆ ಕೆಲಸ ಆದದ್ದು ಸಾಹಿತ್ಯದಲ್ಲಿ. ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ಮಹಾದೇವ ಅವರು 'ಕುಸುಮಬಾಲೆ'ಯಲ್ಲಿ ನಮ್ಮ ಕೇರಿಯ ಮಾತನ್ನೇ ಕಾದಂಬರಿಯ ಮಾತು ಮಾಡಿದರು. ಓದಲು ಕಷ್ಟ ಅಂದವರು ಇದ್ದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅದಕ್ಕೆ ತಲೆಬಾಗಿತು. ಚಿತ್ರದಲ್ಲಿ, ಸಿನಿಮಾದಲ್ಲಿ ಅಂಥ ಕೆಲಸ ಇನ್ನೂ ಬಾಕಿ ಬಹಳವಿದೆ.

ಯಾರ ಮುಖವನ್ನು ಯಾರು ಬರೆಯುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. 2023ರ ಡಿಸೆಂಬರಿನಲ್ಲಿ ನಂಜನಗೂಡಿನಲ್ಲೇ ಅಂಧಕಾಸುರ ಸಂಹಾರದ ಆಚರಣೆಯ ಹೊತ್ತಿನಲ್ಲಿ, ರಾಕ್ಷಸನ ಚಿತ್ರ ಬರೆದು ತುಳಿಯುವುದನ್ನು ದಲಿತ ಸಂಘಟನೆಯವರು ಪ್ರಶ್ನಿಸಿದರು, ಗಲಾಟೆಯಾಯಿತು. ಅದೊಂದು ಬರೀ ಚಿತ್ರ ಕಣ್ರೀ, ಅಂದವರು ಇದ್ದರು. ಚಿತ್ರವೆಂದರೆ ಬರೀ ಚಿತ್ರವಾಗಿದ್ದರೆ ಬರೆಯುವುದೂ ಬೇಕಿರಲಿಲ್ಲ, ತುಳಿಯುವುದೂ ಬೇಕಿರಲಿಲ್ಲ.

ಬಾಸ್ಕಿಯಾನ ಇನ್ನೊಂದು ಚಿತ್ರವನ್ನು ನೋಡುವಾಗ ಕೊಠಡಿಯಲ್ಲಿ ಯಾರೂ ಮಾತಾಡಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಮೈಕೇಲ್ ಸ್ಟೂವರ್ಟ್ ಎಂಬ ಕಪ್ಪು ತರುಣ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಗೋಡೆಯ ಮೇಲೆ ಬರೆದ ಎಂದು ಪೊಲೀಸರು ಹಿಡಿದರು. ಅವರ ಕೈಯಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವನಿಗೆ ಪ್ರಜ್ಞೆ ಇರಲಿಲ್ಲ. ಹದಿಮೂರು ದಿನದ ಮೇಲೆ ಸತ್ತ. 1985ರಲ್ಲಿ ಆರೋಪ ಹೊತ್ತ ಪೊಲೀಸರೆಲ್ಲ ಬಿಡುಗಡೆಯಾದರು. ಆ ಸಾವಿನ ಸುದ್ದಿ ತಿಳಿದು ಬಾಸ್ಕಿಯಾ ಗೆಳೆಯನೊಬ್ಬನ ಸ್ಟುಡಿಯೋದ ಗೋಡೆಯ ಮೇಲೆಯೇ ಬರೆದ: ಲಾಠಿ ಎತ್ತಿದ ಇಬ್ಬರು ಪೊಲೀಸರು, ನಡುವೆ ಮುಖವಿಲ್ಲದ ಒಂದು ಕಪ್ಪು ಆಕಾರ. ಹೆಸರು ಬರೆಯುವುದರಲ್ಲಿ ಹಟ ತೊಟ್ಟವನು ಇಲ್ಲಿ ಮುಖವನ್ನೇ ಬರೆಯಲಿಲ್ಲ. ಆ ಜಾಗದಲ್ಲಿ ತಾನೂ ಇರಬಹುದಿತ್ತು ಅಂತ ಗೋಡೆ ಬರೆದು ಬೆಳೆದ ಅವನಿಗೆ ಗೊತ್ತಿತ್ತು.

ನಮಗೆ ಬದನವಾಳು ನೆನಪಾಯಿತು. ನಂಜನಗೂಡು ತಾಲ್ಲೂಕಿನ ಅದೇ ಬದನವಾಳು. ದೇವಸ್ಥಾನದ ಪ್ರವೇಶದ ವಿಚಾರವಾಗಿ ಎದ್ದ ಹಗೆಯಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ನಮ್ಮಲ್ಲಿ ಕೆಲವರು ಆಗ ಹುಟ್ಟಿರಲಿಲ್ಲ, ಕೆಲವರು ಆ ಕಡೆಯ ಮೆರವಣಿಗೆಗಳಲ್ಲಿ ನಡೆದವರು. ಆ ಸಾವುಗಳ ಮೇಲೆ ಭಾಷಣವಾಯಿತು, ಹಾಡಾಯಿತು, ವರದಿಯಾಯಿತು. ನಮ್ಮ ಊರುಗಳ ಒಂದು ಗೋಡೆಯ ಮೇಲೆ ಅದರ ಚಿತ್ರ ನಾವು ಕಂಡಿಲ್ಲ. ಬರೆಯಬಲ್ಲವರು ಇರಲಿಲ್ಲವೆ? ಇದ್ದರು. ಅವರು ಸಿನಿಮಾ ಬ್ಯಾನರ್ ಬರೆಯುತ್ತಿದ್ದರು.

ಆ ಬ್ಯಾನರಿನವರ ಮಾತು ಇಲ್ಲಿ ಹೇಳಲೇಬೇಕು. ಅಂಗೈಯಗಲದ ಫೋಟೋ ಕೊಟ್ಟರೆ ಅದರ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೂ ಚೌಕ ಎಳೆದು, ಇದ್ದಿಲಲ್ಲಿ ಗುರುತು ಹಾಕಿ, ಮನೆಯೆತ್ತರದ ನಾಯಕನನ್ನು ಎರಡು ಮೂರು ದಿನದಲ್ಲಿ ನಿಲ್ಲಿಸುತ್ತಿದ್ದರು. ಕೆನ್ನೆಗೆ ನೀಲಿ, ಮೂಗಿಗೆ ಹಸಿರು ಹಚ್ಚಿ ದೂರದಿಂದ ನೋಡಿದರೆ ಜೀವಂತ ಮಾಡುವ ವಿದ್ಯೆ ಅವರಲ್ಲಿತ್ತು. ಚಿತ್ರ ಓಡದಿದ್ದರೆ ಅದೇ ಬಟ್ಟೆಗೆ ಬಿಳಿ ಬಳಿದು ಇನ್ನೊಬ್ಬ ನಾಯಕ. 2000ದ ನಂತರ ಫ್ಲೆಕ್ಸ್ ಬಂದು ಆ ಕೈಗಳು ಬಣ್ಣ ಬಿಟ್ಟು ಸುಣ್ಣಕ್ಕೆ, ಆಟೋ ಓಡಿಸುವುದಕ್ಕೆ ಹೋದವು. ಹಳೆಯ ಸಿನಿಮಾದಿಂದ 'ಸ್ಫೂರ್ತಿ' ಪಡೆದವರು ಎಂದು ಅವರನ್ನು ಯಾವ ವಿಮರ್ಶಕರೂ ಕರೆಯಲಿಲ್ಲ. ಅವರದು ಕಲೆಯಲ್ಲ, ಕೆಲಸ.

ಹಾಗಾದರೆ ಬಾಸ್ಕಿಯಾನಲ್ಲಿ ಕೊರತೆ ಇಲ್ಲವೆ? ಇದೆ, ಮುಚ್ಚಿಡಬಾರದು.

ಒಂದು, ಹೆಂಗಸರು. ಅವನ ಕಿರೀಟಗಳು ಹೆಚ್ಚಾಗಿ ಗಂಡಸರ ತಲೆಯ ಮೇಲೆ: ಪಾರ್ಕರ್, ಬಾಕ್ಸಿಂಗಿನವರು, ಆಟಗಾರರು. ಮೆಕ್‌ಡೇನಿಯಲ್ ಒಂದು ಅಂಕಿಯಾಗಿ ಬರುತ್ತಾಳೆ, ಹೆಸರಾಗಿ ಬರುವುದಿಲ್ಲ. ನಮ್ಮ ಜೊತೆಯಿದ್ದ ಹುಡುಗಿಯೊಬ್ಬಳು ಕೇಳಿದಳು: "ನಾಟಿ ಹಾಡು, ಸೋಬಾನೆ, ಸತ್ತವರ ಮುಂದೆ ಹಾಡ್ಕಂಡು ಅಳೋದು ಎಲ್ಲ ಅವ್ವಂದಿರದು. ನಿಮ್ಮ ಮಾತೆಲ್ಲ ತಮಟೆ ಮೇಲೇ ಯಾಕೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಬಾಸ್ಕಿಯಾನ ತಪ್ಪು ನಮ್ಮ ತಪ್ಪೂ ಹೌದು.

ಎರಡು, ದುಡ್ಡು. ಅವನು 1982ರಲ್ಲಿ ಬರೆದ ಒಂದು ತಲೆಬುರುಡೆಯ ಚಿತ್ರ 2017ರ ಹರಾಜಿನಲ್ಲಿ 11 ಕೋಟಿ 5 ಲಕ್ಷ ಡಾಲರಿಗೆ ಹೋಯಿತು. ಗೋಡೆಯ ಮೇಲೆ ಬಿಟ್ಟಿ ಬರೆದವನ ಚಿತ್ರ ಜಪಾನಿನ ಕೋಟ್ಯಧೀಶನ ಪಾಲಾಯಿತು. ತನ್ನ ಚಿತ್ರಗಳಲ್ಲಿ ಹಕ್ಕುಸ್ವಾಮ್ಯದ ಗುರುತನ್ನು ಅವನು ವ್ಯಂಗ್ಯವಾಗಿ ಮತ್ತೆ ಮತ್ತೆ ಬರೆಯುತ್ತಿದ್ದ. ಬಂಡವಾಳಶಾಹಿ ಆ ವ್ಯಂಗ್ಯವನ್ನೂ ಕೊಂಡುಕೊಂಡಿತು. ಕಿರೀಟ ಅಂಗಿಯ ಮೇಲೆ ಅಚ್ಚಾಗಿ ಮಾರುಕಟ್ಟೆಗೆ ಬಂತು. ಒಂಟಿಯಾಗಿ ಹೋದವನನ್ನು ಮಾರುಕಟ್ಟೆ ಹೀಗೆ ನುಂಗುತ್ತದೆ. ಅವನ ಹಿಂದೆ ಸಂಘಟನೆ ಇರಲಿಲ್ಲ.

ಈಗ ನಮ್ಮ ತಮಟೆಯ ವಿಚಾರ. ಚಳವಳಿಯ ಆರಂಭದಿಂದ ಈ ಬಗ್ಗೆ ನಮ್ಮಲ್ಲೇ ಎರಡು ಮಾತಿದೆ. ಸಾವಿಗೆ ಬಿಟ್ಟಿಯಾಗಿ ತಮಟೆ ಬಡಿಯುವುದು ಜೀತ, ಅದನ್ನು ಬಿಸಾಡಿ ಅಂದವರು ಒಂದು ಕಡೆ. ಅದು ನಮ್ಮ ಕಲೆ, ಅದನ್ನೇ ಮೆರವಣಿಗೆಯ ಮುಂದೆ ಹಿಡಿಯೋಣ ಅಂದವರು ಇನ್ನೊಂದು ಕಡೆ. ಬಿಸಾಡಿದವರು ಪೆಟ್ಟು ತಿಂದು ಬಿಸಾಡಿದರು, ಅವರನ್ನು ಹಗುರವಾಗಿ ಕಾಣಬಾರದು. ಹಿಡಿದವರಿಂದ ತಮಟೆ ಬೀದಿನಾಟಕಕ್ಕೆ, ಮೆರವಣಿಗೆಗೆ ಬಂತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಬಹಳ ಸಂತೋಷ. ಆದರೆ ದೆಹಲಿಯಲ್ಲಿ ಪದಕ ಸಿಕ್ಕಿತು ಅಂತ ಹಳ್ಳಿಯಲ್ಲಿ ಬಿಟ್ಟಿ ನಿಲ್ಲುತ್ತದೆಯೆ? ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂದರೂ ಮೇಜು ಬೇರೆಯೇ ಇತ್ತು.

ಬಾಸ್ಕಿಯಾನಿಂದ ನಾವು ಕಲಿತದ್ದು ಈ ಎರಡು ಮಾತಿನ ನಡುವೆ ಒಂದು ಮೂರನೆಯ ದಾರಿ: ಬಿಸಾಡುವುದೋ ಮೆರೆಸುವುದೋ ಎನ್ನುವ ಮೊದಲು ಲೆಕ್ಕ ಬರೆಯಿರಿ. ಈ ಬಡಿತ ಯಾರದು, ಯಾರಿಂದ ಯಾರಿಗೆ ಬಂತು, ಯಾವ ಸಾವಿಗೆ ಬಡಿದಾಗ ಕೂಲಿ ಕೊಡಲಿಲ್ಲ, ಯಾವ ಊರಲ್ಲಿ ಬಡಿಯುವುದಿಲ್ಲ ಎಂದಾಗ ಬಹಿಷ್ಕಾರ ಹಾಕಿದರು. ಹೆಸರು, ಇಸವಿ, ಊರು. ಚಿತ್ರ ಬರೆಯುವವರು ಚಿತ್ರದಲ್ಲಿ ಬರೆಯಲಿ, ಮೇಷ್ಟ್ರುಗಳು ಮಕ್ಕಳ ಕೈಲಿ ನೋಟುಬುಕ್ಕಿನಲ್ಲಿ ಬರೆಸಲಿ.

ಇದು ಹೊರಗಿನಿಂದ ತಂದ ಬುದ್ಧಿಯೂ ಅಲ್ಲ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಗುಡಿ ಹದಿಮೂರನೆಯ ಶತಮಾನದ್ದು. ಕಟ್ಟಿಸಿದ ದಂಡನಾಯಕನ ಹೆಸರು ಊರಿಗೇ ಇದೆ. ಆದರೆ ಅಲ್ಲಿಯ ವಿಗ್ರಹಗಳ ಕೆಳಗೆ ಬಗ್ಗಿ ನೋಡಿ: ಕಲ್ಲು ಕಡೆದ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿ ಹೋಗಿದ್ದಾನೆ. ದಂಡನಾಯಕ ದುಡ್ಡು ಕೊಟ್ಟಿರಬಹುದು, ಕೈ ನನ್ನದು ಅಂತ. ಏಳುನೂರು ವರ್ಷದ ಮೇಲೆ ಬ್ರೂಕ್ಲಿನ್ನಿನ ಹುಡುಗ ಕಿರೀಟ ಗೀಚಿ ಹೇಳಿದ್ದೂ ಅದನ್ನೇ.

ಕಡೆಗೆ ಒಂದು ಮಾತು. ಇಷ್ಟೆಲ್ಲ ಹೆಸರಿನ ಬಗ್ಗೆ ಬರೆದ ನಾವು, ನಮ್ಮ ಜೊತೆ ಕೂತಿದ್ದ ಆ ಹಿರಿಯರ ಹೆಸರನ್ನು ಬರೆದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅವರೇ ಬೇಡ ಅಂದರು. "ಇನ್ನ್ ಬಿಟ್ಟಿ ಬಡಿಯಲ್ಲ ಅಂತ ಈ ವರ್ಸ ಹೇಳಿವ್ನಿ. ನನ್ನೆಸ್ರು ಅಚ್ಚಾದ್ರ ನನ್ನ ಸೊಸನ್ನ ನಾಳ ಯಾರು ಕೂಲಿಗ ಕರ್ದಾರು?" ಪಂಚೆ ಬಿಚ್ಚಿ ಮಡಿಸುವಾಗ ಅವರು ಈ ಮಾತು ಹೇಳಿದರು. ಅವರ ಹೆಸರನ್ನು ಧೈರ್ಯವಾಗಿ ಅಚ್ಚು ಹಾಕುವಂಥ ಊರನ್ನು ಮಾಡುವುದೇ ನಮ್ಮ ಕೆಲಸ. ಅಲ್ಲಿಯವರೆಗೆ ಈ ವಿಮರ್ಶೆಯಲ್ಲಿ ಒಂದು ಜಾಗ ಖಾಲಿ ಇರುತ್ತದೆ. ಅದರ ಮೇಲೆ ಒಂದು ಕಿರೀಟ ಬರೆದು ಬಿಟ್ಟಿದ್ದೇವೆ.